ಎರಡು ರಾತ್ರಿ, 17 ಕೋಳಿ: ಕೋಳಿ ಜಾಲರಿಯನ್ನು ನಂಬಿ ಕೂರಬೇಡಿ

ಹಿತ್ತಲಲ್ಲಿ ಮಾಂಸಕ್ಕೆ ಅಂತ ಬ್ರಾಯ್ಲರ್ ಸಾಕೋಣ ಅಂದುಕೊಂಡಿದ್ದರೆ ಮೊದಲು ಇದನ್ನು ಓದಿ, ಮರಿ ಆಮೇಲೆ ತಂದರಾಯ್ತು.

ನಾನು ತಂದಿದ್ದು 25 ಮರಿ. ಒಂದು ಮೊದಲ ವಾರವೇ ಹೋಯ್ತು, ಅದು ಮಾಮೂಲು. ಉಳಿದ 24 ಚೆನ್ನಾಗಿ ತಿಂದು ಬೆಳೆದವು. 38ನೇ ದಿನಕ್ಕೆ ಒಂದೊಂದೂ ಎರಡು ಕಿಲೋ ಆಸುಪಾಸು ಬಂದಿತ್ತು. ಇನ್ನೊಂದು ವಾರ ಬಿಟ್ಟು ಕೊಯ್ಯೋಣ ಅಂತಿದ್ದೆ.

ಬೆಳಿಗ್ಗೆ ಮೇವು ಹಿಡಿದು ಹೋದಾಗ ದೂರದಿಂದ ಜಾಲರಿಗೆ ಹತ್ತಿ ಅಂಟಿದ ಹಾಗೆ ಕಂಡಿತು. ಹತ್ತಿರ ಹೋದರೆ ಪುಕ್ಕ. ರಕ್ತದಲ್ಲಿ ನೆನೆದು ಒಣಗಿದ ಬಿಳಿ ಪುಕ್ಕ, ಜಾಲರಿಯ ಒಂದೊಂದು ಕಣ್ಣಿನಿಂದಲೂ ಹೊರಗೆ ಚಾಚಿಕೊಂಡಿತ್ತು. ಚಿಲಕ ಹಾಕಿದ್ದು ಹಾಕಿದ ಹಾಗೇ ಇದೆ, ಜಾಲರಿ ಎಲ್ಲೂ ಹರಿದಿಲ್ಲ, ಆದರೆ ಒಳಗೆ ಐದು ಕೋಳಿ ಜಾಲರಿಗೆ ಒತ್ತಿಕೊಂಡು ಬಿದ್ದಿವೆ, ಒಂದಕ್ಕೂ ತಲೆ ಇಲ್ಲ. ಆರನೆಯದಕ್ಕೆ ಒಂದು ಕಾಲಿರಲಿಲ್ಲ, ಜೀವ ಇತ್ತು. ಅದನ್ನು ನಾನೇ ಮುಗಿಸಬೇಕಾಯ್ತು. ಒಳಗೆ ಏನೂ ಬಂದೇ ಇರಲಿಲ್ಲ ನೋಡಿ. ಹೊರಗೆ ನಿಂತು, ಸಿಕ್ಕಿದ್ದನ್ನು ಕಚ್ಚಿ ಎಳೆದಿದೆ ಅಷ್ಟೇ.

ಎದುರು ಮೂಲೆಯಲ್ಲಿ ಇನ್ನೂ ಎಂಟು, ಒಂದರ ಮೇಲೊಂದು. ಮೈಮೇಲೆ ಒಂದು ಗೀರೂ ಇಲ್ಲ. ಹೆದರಿ ಎಲ್ಲವೂ ಒಂದೇ ಮೂಲೆಗೆ ನುಗ್ಗಿವೆ, ಕೆಳಗೆ ಸಿಕ್ಕವು ಉಸಿರು ಕಟ್ಟಿ ಸತ್ತಿವೆ. ಅಂದರೆ ಹಲ್ಲಿಗಿಂತ ಗಾಬರಿಯೇ ಜಾಸ್ತಿ ಕೊಂದಿತ್ತು.

ಷಟ್ಕೋನದ ಕಣ್ಣಿನ ತೆಳು ಜಾಲರಿ ಇರುತ್ತದಲ್ಲ, ಅದನ್ನೇ ಸುತ್ತ ಕಟ್ಟಿದ್ದೆ. ಹೆಸರೇ ಕೋಳಿ ಜಾಲರಿ, ಇನ್ನೇನು ಬೇಕು ಅಂತ. ಅದು ಕೋಳಿ ಹೊರಗೆ ಹೋಗದ ಹಾಗೆ ನೋಡಿಕೊಳ್ಳುತ್ತದೆ, ಅಷ್ಟೇ ಅದರ ಕೆಲಸ. ಹಸಿದ ನಾಯಿ ಮನಸ್ಸು ಮಾಡಿದರೆ ಅದನ್ನು ಹಲ್ಲಲ್ಲೇ ಹರಿಯುತ್ತದೆ. ಬ್ರಾಯ್ಲರ್ ವಿಷಯದಲ್ಲಿ ಇನ್ನೂ ಒಂದು ಕಷ್ಟ ಇದೆ. ಬೇರೆ ಕೋಳಿಗಳು ಕತ್ತಲಾಗುತ್ತಲೇ ಎತ್ತರ ನೋಡಿ ಹತ್ತಿ ಕೂರುತ್ತವೆ, ಇವಕ್ಕೆ ಮೈಭಾರಕ್ಕೆ ಅದು ಆಗಲ್ಲ. ನೆಲದಲ್ಲೇ ಮಲಗುತ್ತವೆ, ಅದೂ ಜಾಲರಿಗೆ ಆನಿಕೊಂಡು, ಕಣ್ಣುಗಳಿಂದ ಮೈ ಹೊರಗೆ ಉಬ್ಬಿಕೊಂಡಿರುತ್ತದೆ. ಕತ್ತಲಲ್ಲಿ ಕೋಳಿಗೆ ಸರಿಯಾಗಿ ಕಾಣುವುದೂ ಇಲ್ಲ. ತಟ್ಟೆಯಲ್ಲಿಟ್ಟು ಕೊಟ್ಟ ಹಾಗೆ.

ಇಷ್ಟಕ್ಕೇ ನಿಂತಿದ್ದರೆ ಸರಿ, ನನ್ನ ದಡ್ಡತನ ಇನ್ನೂ ಬಾಕಿ ಇತ್ತು. ಯಾವಾಗ ಸತ್ತವೋ ಏನೋ, ತಿನ್ನುವ ಮಾತೇ ಇಲ್ಲ ಅಂತ ಹದಿನಾಲ್ಕನ್ನೂ ಗೂಡಿನ ಹಿಂದೆಯೇ ಹೂತೆ. ಸುಸ್ತಾಗಿತ್ತು, ಗುಂಡಿ ಒಂದಡಿಯೂ ಇರಲಿಲ್ಲ. ಜಾಲರಿಯ ಆ ಭಾಗಕ್ಕೆ ಹಲಗೆ ಅಡ್ಡ ಇಟ್ಟು ಮಲಗಿದೆ. ಒಮ್ಮೆ ರುಚಿ ಕಂಡದ್ದು ಮರುದಿನವೂ ಬರುತ್ತದೆ ಅಂತ ಯಾಕೆ ಹೊಳೆಯಲಿಲ್ಲವೋ! ರಾತ್ರಿ ಮೂರರ ಹೊತ್ತಿಗೆ ಕೋಳಿ ಕಿರುಚಿದ್ದು ಕೇಳಿ ಟಾರ್ಚ್ ಹಿಡಿದು ಓಡಿದರೆ ನರಿ, ಅದೂ ಎರಡು. ಹೂತದ್ದನ್ನು ಕೆದಕಿ ತೆಗೆದು, ಹಾಗೇ ಗೂಡಿನ ಬುಡ ತೋಡಿ ಒಳಗೆ ನುಗ್ಗಿದ್ದವು. ಇನ್ನೂ ಮೂರು ಹೋದವು.

ಈಗಿನ ಗೂಡಿಗೆ ಅರ್ಧ ಇಂಚು ಕಣ್ಣಿನ ವೆಲ್ಡ್ ಮೆಶ್, ಅಂದರೆ ತಂತಿ ತಂತಿ ಸೇರುವಲ್ಲೆಲ್ಲ ಬೆಸುಗೆ ಹಾಕಿದ ಗಟ್ಟಿ ಜಾಲರಿ, ಹಾಕಿದ್ದೇನೆ. ಅದರಲ್ಲಿ ನರಿಯ ಮೂತಿ ಹೋಗಲ್ಲ, ದೊಡ್ಡ ಇಲಿಯೂ ತೂರಲ್ಲ. ಬುಡದಲ್ಲಿ ಹಲಗೆ ಇದೆ, ಮಲಗಿದ ಕೋಳಿಯ ಎತ್ತರಕ್ಕಿಂತ ಸ್ವಲ್ಪ ಮೇಲಕ್ಕೆ. ಮುಖ್ಯವಾದದ್ದು ನೆಲದ ಕೆಲಸ. ಮೆಶ್ ಅನ್ನು ಗೋಡೆಯ ಬುಡದಿಂದ ಹೊರಕ್ಕೆ ಎರಡಡಿ ಮಡಚಿ ನೆಲದ ಮೇಲೆ ಹಾಸಿ, ಮೇಲೆ ಕಲ್ಲು ಹೇರಿದ್ದೇನೆ. ತೋಡುವ ಪ್ರಾಣಿ ಗೋಡೆಗೆ ಅಂಟಿಕೊಂಡೇ ತೋಡುತ್ತದೆ, ಉಗುರಿಗೆ ತಂತಿ ಸಿಕ್ಕರೆ ಎರಡಡಿ ಹಿಂದೆ ಹೋಗಿ ತೋಡೋಣ ಅಂತ ಅದಕ್ಕೆ ಹೊಳೆಯುವುದಿಲ್ಲ. ಹಗಲು ಹೊರಗೆ ಬಿಡುವ ಜಾಗಕ್ಕೆ ಮೇಲೂ ಬಲೆ ಬೇಕು, ಹದ್ದು ಗಿಡುಗ ಮರಿಗಳನ್ನು ಎತ್ತಿಕೊಂಡು ಹೋಗುತ್ತವೆ. ರಾತ್ರಿ ಉಳಿದ ಮೇವನ್ನು ಎತ್ತಿಡಿ. ಮೇವಿಗೆ ಇಲಿ ಬರುತ್ತದೆ, ಇಲಿಗೆ ಹಾವು.

ಸುತ್ತಲೂ ತಗಡು ಹೊಡೆದು ಪೂರ್ತಿ ಮುಚ್ಚಿಬಿಡು ಅಂತಲೂ ಒಬ್ಬರು ಹೇಳಿದರು. ಬೇಡವೇ ಬೇಡ. ಬ್ರಾಯ್ಲರ್‌ಗೆ ಸೆಕೆ ತಡೆಯಲ್ಲ, ಹಿಕ್ಕೆಯ ಘಾಟಿಗೆ ಕಣ್ಣು ಉರಿಯುತ್ತದೆ, ನರಿ ಬರದೆಯೂ ಸಾಯುತ್ತವೆ. ಮೇಲ್ಭಾಗದಲ್ಲಿ ಗಾಳಿ ಆಡಲೇಬೇಕು. ಇನ್ನೊಬ್ಬರು ವಿಷ ಇಡು ಅಂದರು. ವಿಷ ತಿಂದ ಇಲಿಯನ್ನು ಕೋಳಿ ಕುಕ್ಕಿದರೆ? ಆ ಕೋಳಿಯನ್ನು ಆಮೇಲೆ ತಿನ್ನುವವರು ನಾವೇ ಅಲ್ವಾ?

ಸತ್ತದ್ದನ್ನು ಹೂಳುವುದಾದರೆ ಗೂಡಿನಿಂದ ದೂರ, ಆಳವಾಗಿ ಹೂಳಿ, ಮೇಲೆ ಕಲ್ಲು ಇಡಿ.

ಹೊಸ ಗೂಡಿನ ಬುಡದಲ್ಲಿ ಈಗಲೂ ಆಗಾಗ ಉಗುರಿನ ಗೀರು ಕಾಣುತ್ತವೆ. ಬೆಳಿಗ್ಗೆ ಮೇವು ಹಾಕುವ ಮೊದಲು ಒಂದು ಸುತ್ತು ಹೋಗಿ, ಸರಿದ ಕಲ್ಲುಗಳನ್ನು ವಾಪಸ್ ಇಟ್ಟು ಬರುತ್ತೇನೆ.