ತಂತಿ ಕಿತ್ತರೂ ನಿಲ್ಲದ ಫೋಟೊ ಕೆಲಸ: ಬ್ರೌಸರಿನ ಉಚಿತ ಎಡಿಟರ್‌ಗಳೊಂದಿಗೆ ಐದು ವರ್ಷ

ಕೊಪ್ಪದ ಬಸ್ ನಿಲ್ದಾಣದ ಬಳಿ ನನ್ನದೊಂದು ಪುಟ್ಟ ಅಂಗಡಿ. ಜೆರಾಕ್ಸ್, ಲ್ಯಾಮಿನೇಷನ್, ಆನ್‌ಲೈನ್ ಅರ್ಜಿ, ಪಾಸ್‌ಪೋರ್ಟ್ ಅಳತೆಯ ಫೋಟೊ. ಮದುವೆ, ಜಾತ್ರೆ, ತಿಥಿ ಬಂದಾಗ ಫ್ಲೆಕ್ಸ್ ವಿನ್ಯಾಸ. ಇರುವುದು 4 ಜಿಬಿ ರ‍್ಯಾಮಿನ ಒಂದೇ ಕಂಪ್ಯೂಟರ್. ಮೊದಲು ಅದರಲ್ಲಿದ್ದದ್ದು ಯಾರೋ ಸಿ.ಡಿ.ಯಿಂದ ಹಾಕಿಕೊಟ್ಟಿದ್ದ ಫೋಟೊಶಾಪಿನ ನಕಲಿ ಪ್ರತಿ. ಅದರ ಜೊತೆ ಬಂದ ವೈರಸ್ ಗಿರಾಕಿಗಳ ಕಡತಗಳನ್ನೂ ಹಾಳು ಮಾಡಿದ ಮೇಲೆ ಎಲ್ಲವನ್ನೂ ಅಳಿಸಿ ಹಾಕಿದೆ. ತಿಂಗಳ ಬಾಡಿಗೆ ಕಟ್ಟಿ ಅಸಲಿ ತಂತ್ರಾಂಶ ಇಟ್ಟುಕೊಳ್ಳುವಷ್ಟು ಫೋಟೊ ಕೆಲಸ ನಮ್ಮಲ್ಲಿ ಬರುವುದಿಲ್ಲ. ಹಾಗಾಗಿ ಬ್ರೌಸರಿನಲ್ಲೇ ನಡೆಯುವ ಉಚಿತ ಎಡಿಟರ್‌ಗಳತ್ತ ಹೊರಳಿದೆ. ಐದು ವರ್ಷ ದಿನವೂ ಬಳಸಿದ ಮೇಲೆ ಇದನ್ನು ಬರೆಯುತ್ತಿದ್ದೇನೆ.

ಮೊದಲು ಒಂದು ಸಂಗತಿ ಹೇಳಬೇಕು. ಎರಡು ವರ್ಷದ ಹಿಂದೆ ಒಬ್ಬ ತಾಯಿ ಕಾಲೇಜಿಗೆ ಹೋಗುವ ಮಗಳನ್ನು ಕರೆದುಕೊಂಡು ಬಂದರು. ಅರ್ಜಿಗೆ ಫೋಟೊ ಆಗಬೇಕಿತ್ತು. ಹುಡುಗಿಯ ಚಿತ್ರವನ್ನು ನಾನು ಬ್ರೌಸರಿನಲ್ಲಿ ತೆರೆದದ್ದನ್ನು ನೋಡಿ ಆ ತಾಯಿ, "ಇದು ಇಂಟರ್‌ನೆಟ್ಟಿಗೆ ಹೋಗುತ್ತದಾ ಅಣ್ಣ? ಯಾರಾದರೂ ತೆಗೆದುಕೊಂಡರೆ?" ಎಂದು ಕೇಳಿದರು. ಬಾಯಲ್ಲಿ ಉತ್ತರ ಹೇಳುವ ಬದಲು ರೂಟರಿನಿಂದ ಬರುವ ನೀಲಿ ತಂತಿಯನ್ನು ಅವರೆದುರಿಗೇ ಕಿತ್ತು ಮೇಜಿನ ಮೇಲಿಟ್ಟೆ. ಆಮೇಲೆ ಫೋಟೊ ಕತ್ತರಿಸಿ, ಬೆಳಕು ಸರಿಪಡಿಸಿ, ಕಡತ ಉಳಿಸಿ ಪೆನ್‌ಡ್ರೈವಿಗೆ ಹಾಕಿಕೊಟ್ಟೆ. ತಂತಿ ಮೇಜಿನ ಮೇಲೇ ಇತ್ತು. ಅಂದಿನಿಂದ ಯಾವ ಉಪಕರಣವನ್ನಾದರೂ ನಾನು ಮೊದಲು ಅಳೆಯುವುದು ಇದೇ ಅಳತೆಯಲ್ಲಿ. ಜನ ನಂಬಿ ಕೊಟ್ಟ ಚಿತ್ರ ನನ್ನ ಕಂಪ್ಯೂಟರಿನಲ್ಲೇ ಉಳಿಯುತ್ತದೆಯೋ, ಬೇರೆಯವರ ಸರ್ವರಿಗೆ ಹೋಗಿ ಬರುತ್ತದೆಯೋ?

ಆ ದಿನ ತೆರೆದಿದ್ದ ಉಪಕರಣ ಫೋಟೊಪಿಯಾ. ಇವಾನ್ ಕುಟ್ಸ್ಕಿರ್ ಎಂಬ ಒಬ್ಬ ಪ್ರೋಗ್ರಾಮರ್ ಕಟ್ಟಿದ್ದು, 2013ರಿಂದ ಇದೆ. ಪುಟ ಒಮ್ಮೆ ಪೂರ್ತಿ ತೆರೆದುಕೊಂಡರೆ ಚಿತ್ರದ ಕೆಲಸವನ್ನು ಬ್ರೌಸರ್ ನಮ್ಮ ಕಂಪ್ಯೂಟರಿನ ಪ್ರೊಸೆಸರಿನಲ್ಲೇ ಮಾಡುತ್ತದೆ. ಚಿತ್ರವನ್ನು ಅಪ್‌ಲೋಡ್ ಮಾಡಬೇಕಿಲ್ಲ, ಖಾತೆ ತೆರೆಯಬೇಕಿಲ್ಲ. ಹೊಸ ಫಾಂಟ್‌ನಂಥ ಕೆಲವಕ್ಕೆ ಮಾತ್ರ ನೆಟ್ ಇರಬೇಕು. ಮಲೆನಾಡಿನ ಮಳೆಗಾಲದಲ್ಲಿ ಮರ ಬಿದ್ದು ಅರ್ಧ ದಿನ ನೆಟ್ ಇಲ್ಲದಿರುವುದು ಹೊಸದಲ್ಲ. ಅಂಥ ದಿನಗಳಲ್ಲೂ ಬೆಳಿಗ್ಗೆಯೇ ತೆರೆದಿಟ್ಟ ಆ ಟ್ಯಾಬ್ ನನ್ನ ಕೆಲಸ ನಿಲ್ಲದಂತೆ ನೋಡಿಕೊಂಡಿದೆ.

ಫೋಟೊಶಾಪ್ ಕೈಗೆ ಒಗ್ಗಿದವರಿಗೆ ಇಲ್ಲಿ ಹೊಸದಾಗಿ ಕಲಿಯಬೇಕಾದದ್ದು ಕಡಿಮೆ. ಲೇಯರ್ (ಒಂದರ ಮೇಲೊಂದು ಕೂರುವ ಚಿತ್ರದ ಪದರ), ಮಾಸ್ಕ್, ಲೆವೆಲ್ಸ್, ಸ್ಮಾರ್ಟ್ ಆಬ್ಜೆಕ್ಟ್ ಎಲ್ಲವೂ ಇವೆ. ಫೋಟೊಶಾಪಿನ ಪಿಎಸ್‌ಡಿ ಕಡತ ಹಾಗೇ ತೆರೆಯುತ್ತದೆ, ಹಾಗೇ ಉಳಿಯುತ್ತದೆ. ಜಿಂಪ್ ಎಂಬ ಉಚಿತ ಫೋಟೊ ತಂತ್ರಾಂಶದ ಕಡತವೂ ತೆರೆಯುತ್ತದೆ. ಬೆರಳಿನ ಅಭ್ಯಾಸವೊಂದನ್ನು ಮಾತ್ರ ಬದಲಿಸಿಕೊಳ್ಳಬೇಕು. ಚಿತ್ರದ ಗಾತ್ರ ಬದಲಿಸಲು ಕಂಟ್ರೋಲ್ ಮತ್ತು ಟಿ ಒತ್ತಿದರೆ ಬ್ರೌಸರ್ ಹೊಸ ಟ್ಯಾಬ್ ತೆರೆದುಬಿಡುತ್ತದೆ. ಇಲ್ಲಿ ಜೊತೆಗೆ ಆಲ್ಟ್ ಕೀಲಿಯೂ ಬೇಕು. ನನಗೆ ಇದು ರೂಢಿಯಾಗಲು ಒಂದು ತಿಂಗಳು ಹಿಡಿಯಿತು. ಬಲಬದಿಯಲ್ಲಿ ಜಾಹೀರಾತಿನ ಪಟ್ಟಿ ಇರುತ್ತದೆ. ಹಣ ಕಟ್ಟಿದರೆ ಅದು ಹೋಗುತ್ತದೆ. ಚಿಕ್ಕ ಪರದೆಯಲ್ಲಿ ಅದು ಜಾಗ ತಿನ್ನುವುದು ನಿಜವಾದರೂ, ಒಂದು ರೂಪಾಯಿ ಕೇಳದೆ ಇಷ್ಟೆಲ್ಲ ಕೊಡುವವರಿಗೆ ಅಷ್ಟು ಜಾಗ ಬಿಟ್ಟುಕೊಡಲು ನನಗೆ ಬೇಸರವಿಲ್ಲ.

ನನಗೆ ಹೆಚ್ಚು ಸಮಯ ಉಳಿಸಿಕೊಟ್ಟದ್ದು ಒಂದು ಸಣ್ಣ ಏರ್ಪಾಡು. ಪಾಸ್‌ಪೋರ್ಟ್ ಅಳತೆ 35 ಮಿ.ಮೀ. ಅಗಲ, 45 ಮಿ.ಮೀ. ಎತ್ತರ. 300 ಡಿಪಿಐ (ಇಂಚಿಗೆ 300 ಚುಕ್ಕಿ) ಲೆಕ್ಕದಲ್ಲಿ ಅದು 413 ಗುಣಿಲೆ 531 ಪಿಕ್ಸೆಲ್. ಆರು ಇಂಚು ಅಗಲ, ನಾಲ್ಕು ಇಂಚು ಎತ್ತರದ ಫೋಟೊ ಕಾಗದದಲ್ಲಿ ಸಾಲಿಗೆ ನಾಲ್ಕರಂತೆ ಎರಡು ಸಾಲು, ಒಟ್ಟು ಎಂಟು ಕೂರುತ್ತವೆ. ನಾನು ಒಂದು ಫೋಟೊವನ್ನು ಸ್ಮಾರ್ಟ್ ಆಬ್ಜೆಕ್ಟ್ ಮಾಡಿ, ಅದರ ಏಳು ಪ್ರತಿ ತೆಗೆದು ಜೋಡಿಸಿ ಒಂದು ಪಿಎಸ್‌ಡಿ ಮಾಡಿಟ್ಟುಕೊಂಡಿದ್ದೇನೆ. ಹೊಸ ಗಿರಾಕಿ ಬಂದಾಗ ಒಂದನ್ನು ಎರಡು ಸಲ ಕ್ಲಿಕ್ಕಿಸಿ ಒಳಗಿನ ಮುಖ ಬದಲಿಸಿ ಉಳಿಸಿದರೆ ಎಂಟೂ ಒಟ್ಟಿಗೆ ಬದಲಾಗುತ್ತವೆ. ಮೊದಲು ಹತ್ತು ನಿಮಿಷ ಹಿಡಿಯುತ್ತಿದ್ದ ಕೆಲಸ ಈಗ ಎರಡು ನಿಮಿಷದ್ದು. ಹೊರಗೆ ಬಸ್ ಹಾರ್ನ್ ಹೊಡೆಯುತ್ತಿರುವಾಗ ಆ ಎಂಟು ನಿಮಿಷದ ಬೆಲೆ ಏನೆಂದು ಹಳ್ಳಿಯಿಂದ ಬಂದವರಿಗೆ ಗೊತ್ತು.

ಅರ್ಜಿ ತುಂಬುವವರಿಗೆ ಫೋಟೊಗಿಂತ ಹೆಚ್ಚು ತಲೆನೋವು ಸಹಿ. ಬ್ಯಾಂಕ್ ಪರೀಕ್ಷೆಗಳನ್ನು ನಡೆಸುವ ಐಬಿಪಿಎಸ್ ಫೋಟೊಗೆ ಹೇಳುವ ಅಳತೆ 200 ಗುಣಿಲೆ 230 ಪಿಕ್ಸೆಲ್, ಕಡತದ ತೂಕ 20ರಿಂದ 50 ಕೆಬಿ. ಸಹಿಗೆ 140 ಗುಣಿಲೆ 60 ಪಿಕ್ಸೆಲ್, 10ರಿಂದ 20 ಕೆಬಿ. ಎಲ್ಲರೂ ಹೆದರುವುದು ಕಡತ ದೊಡ್ಡದಾಯಿತೆಂದು. ಆದರೆ ಸಹಿಯ ವಿಷಯದಲ್ಲಿ ತಾಪತ್ರಯ ಉಲ್ಟಾ: ಬಿಳಿ ಕಾಗದದ ಮೇಲಿನ ನಾಲ್ಕು ಗೆರೆಯನ್ನು 140 ಪಿಕ್ಸೆಲಿಗೆ ಇಳಿಸಿದರೆ ಜೆಪೆಗ್ ನಾಲ್ಕೈದು ಕೆಬಿಗೆ ಕುಗ್ಗಿಬಿಡುತ್ತದೆ, ಕನಿಷ್ಠ ತೂಕವಿಲ್ಲವೆಂದು ಅರ್ಜಿ ಅದನ್ನು ತಳ್ಳುತ್ತದೆ. "ಅಣ್ಣ, ಮೂರನೇ ಸಲವೂ ಸಹಿ ತೆಗೆದುಕೊಳ್ಳಲಿಲ್ಲ" ಎಂದು ಕಣ್ಣಲ್ಲಿ ನೀರು ತುಂಬಿಕೊಂಡು ಬಂದ ಹುಡುಗನನ್ನು ನೋಡಿದ್ದೇನೆ; ಅಂದೇ ಕೊನೆಯ ದಿನವಾಗಿತ್ತು. ಆ ಪಿಕ್ಸೆಲ್ ಅಳತೆ ಅಪೇಕ್ಷಿತ ಎಂದಷ್ಟೇ ಸೂಚನೆಯಲ್ಲಿರುತ್ತದೆ. ಅದೇ ಪ್ರಮಾಣದಲ್ಲಿ 280 ಗುಣಿಲೆ 120 ಮಾಡಿ, ಗುಣಮಟ್ಟದ ಗುಂಡಿಯನ್ನು ಮೇಲಕ್ಕೆಳೆದರೆ ತೂಕ ಮಿತಿಯೊಳಗೆ ಬಂದು ಕೂರುತ್ತದೆ.

ಟ್ಯೂಬ್‌ಲೈಟ್ ಕೆಳಗೆ ಮೊಬೈಲಿನಲ್ಲಿ ತೆಗೆದ ಸಹಿ ಬೂದಿ ಬಣ್ಣಕ್ಕಿರುತ್ತದೆ. ಅದಕ್ಕೆ ಫೋಟೊಪಿಯಾದಲ್ಲಿ ಕಂಟ್ರೋಲ್ ಮತ್ತು ಎಲ್ ಒತ್ತಿದರೆ ಲೆವೆಲ್ಸ್ ಬರುತ್ತದೆ. ಬಲತುದಿಯ ಬಿಳಿ ಗುಂಡಿಯನ್ನು ಎಡಕ್ಕೆ ಸರಿಸುತ್ತ ಹೋದಂತೆ ಕಾಗದದ ಮಡಿಕೆ, ಕೈಯ ನೆರಳು ಒಂದೊಂದಾಗಿ ಕರಗುತ್ತವೆ; ಎಡತುದಿಯ ಕಪ್ಪು ಗುಂಡಿಯನ್ನು ಒಂದಿಷ್ಟು ಬಲಕ್ಕೆ ತಂದರೆ ಶಾಯಿ ಗಟ್ಟಿಯಾಗಿ ನಿಲ್ಲುತ್ತದೆ. ಐದು ವರ್ಷವಾದರೂ ಆ ಗಳಿಗೆಯನ್ನು ನೋಡುವುದು ನನಗೆ ಇಷ್ಟ.

ತೂಕ ಇಳಿಸುವುದಕ್ಕೆ ನನ್ನ ನೆಚ್ಚಿನದು ಸ್ಕ್ವೂಶ್. ಗೂಗಲ್ ಕ್ರೋಮಿನ ತಂಡ 2018ರಲ್ಲಿ ಹೊರತಂದ, ಕೋಡ್ ಎಲ್ಲರಿಗೂ ತೆರೆದಿರುವ ಮುಕ್ತ ಆಕರದ ಉಪಕರಣ. ಇದೂ ತಂತಿ ಕಿತ್ತರೂ ನಡೆಯುವಂಥದ್ದು. ನಡುವೆ ಒಂದು ಗೆರೆ. ಎಡಕ್ಕೆ ಮೂಲ ಚಿತ್ರ, ಬಲಕ್ಕೆ ಕುಗ್ಗಿದ ಚಿತ್ರ. ಗೆರೆಯನ್ನು ಮುಖದ ಮೇಲೆ ಆಚೀಚೆ ಎಳೆದು ಹುಬ್ಬು, ರೆಪ್ಪೆ ಎಲ್ಲಿ ಕೆಡುತ್ತಿವೆ ಎಂದು ಕಣ್ಣಾರೆ ನೋಡಬಹುದು, ಕೆಬಿ ಲೆಕ್ಕ ಕೆಳಗೇ ಕಾಣುತ್ತಿರುತ್ತದೆ. ಮೊಬೈಲ್ ಫೋಟೊದೊಳಗೆ ಅಡಗಿರುವ ಸ್ಥಳದ ಮಾಹಿತಿಯೂ ಇದರಲ್ಲಿ ಕುಗ್ಗಿಸಿದ ಪ್ರತಿಯಲ್ಲಿ ಉಳಿಯುವುದಿಲ್ಲ; ಹೆಣ್ಣುಮಕ್ಕಳ ಫೋಟೊ ಕಳಿಸುವಾಗ ಇದು ಸಣ್ಣ ಮಾತಲ್ಲ. ಕೊರತೆಯೆಂದರೆ ಇದರಲ್ಲಿ ಕತ್ತರಿಸುವ ಸೌಲಭ್ಯವಿಲ್ಲ, ಒಂದು ಸಲಕ್ಕೆ ಒಂದೇ ಚಿತ್ರ. ಕತ್ತರಿಸುವುದನ್ನು ಬೇರೆ ಕಡೆ ಮುಗಿಸಿಕೊಂಡೇ ಇಲ್ಲಿಗೆ ಬರಬೇಕು.

ಹಿನ್ನೆಲೆ ತೆಗೆಯುವುದಕ್ಕೆ ರಿಮೂವ್ ಡಾಟ್ ಬಿಜಿ ಹೆಸರುವಾಸಿ. ಚಿತ್ರ ಅವರ ಸರ್ವರಿಗೆ ಹೋಗುತ್ತದೆ. ಉಚಿತವಾಗಿ ಸಿಗುವುದು 0.25 ಮೆಗಾಪಿಕ್ಸೆಲಿನ ಚಿಕ್ಕ ಪ್ರತಿ. ಅಷ್ಟರಲ್ಲಿ ಏನಾಗುತ್ತದೆ ಎಂದು ನಾನೂ ಬಹಳ ದಿನ ಮೂಗು ಮುರಿದಿದ್ದೆ. ಒಂದು ದಿನ ಲೆಕ್ಕ ಹಾಕಿ ನೋಡಿದೆ: 413 ಗುಣಿಲೆ 531 ಎಂದರೆ ಸುಮಾರು 0.22 ಮೆಗಾಪಿಕ್ಸೆಲ್. ಮೊದಲೇ 35-45ರ ಪ್ರಮಾಣಕ್ಕೆ ಕತ್ತರಿಸಿ ಕೊಟ್ಟರೆ ಪಾಸ್‌ಪೋರ್ಟ್ ಫೋಟೊಗೆ ಆ ಉಚಿತ ಪ್ರತಿ ಸರಿಯಾಗಿ ಸಾಲುತ್ತದೆ! ಕತ್ತರಿಸದೆ ಅರ್ಧ ದೇಹದ ಚಿತ್ರ ಕೊಟ್ಟರೆ ಮುಖಕ್ಕೆ ಪಿಕ್ಸೆಲ್ ಉಳಿಯುವುದಿಲ್ಲ. ಆದರೂ ಗಿರಾಕಿಯನ್ನು ಕೇಳಿ, ಅವರು ಒಪ್ಪಿದರೆ ಮಾತ್ರ ಬಳಸುತ್ತೇನೆ. ಬೇಡವೆಂದವರಿಗೆ ಫೋಟೊಪಿಯಾದ ಮ್ಯಾಜಿಕ್ ಕಟ್ ಇದೆ. ಬೇಕಾದ ಭಾಗ ಯಾವುದು, ಬೇಡದ್ದು ಯಾವುದು ಎಂದು ಕುಂಚದಿಂದ ಗುರುತು ಹಾಕಿದರೆ ಅಂಚನ್ನು ಅದೇ ಹುಡುಕುತ್ತದೆ. ಮಲ್ಲಿಗೆ ಮುಡಿದ ಜಡೆ, ಗುಂಗುರು ಕೂದಲು ಇದ್ದಾಗ ಸಮಯ ಹಿಡಿಯುತ್ತದೆ.

ಕ್ಯಾನ್ವಾ ಮತ್ತು ಪಿಕ್ಸ್ಲರ್ ಬಗ್ಗೆ ಕೇಳುವವರು ಬಹಳ. ಕ್ಯಾನ್ವಾ ವಿನ್ಯಾಸದ ಉಪಕರಣ. ನಾಮಕರಣದ ಆಹ್ವಾನ, ಶಾಲೆಯ ವಾರ್ಷಿಕೋತ್ಸವದ ಪೋಸ್ಟರ್, ವಾಟ್ಸ್ಆ್ಯಪ್ ಶುಭಾಶಯ ಇಂಥವಕ್ಕೆ ಅದರಷ್ಟು ಬೇಗ ಬೇರಾವುದೂ ಆಗುವುದಿಲ್ಲ. ಕನ್ನಡದ ಫಾಂಟ್‌ಗಳೂ ಇವೆ. ಖಾತೆ ಬೇಕು, ಚಿತ್ರ ಅವರ ಸರ್ವರಿನಲ್ಲಿರುತ್ತದೆ, ಪಾರದರ್ಶಕ ಹಿನ್ನೆಲೆಯ ಪಿಎನ್‌ಜಿ ಇಳಿಸಿಕೊಳ್ಳಲು ಹಣ ಕಟ್ಟಬೇಕು. ಫೋಟೊ ತಿದ್ದುವ ಕೆಲಸಕ್ಕೆ ನಾನು ಅತ್ತ ಹೋಗುವುದಿಲ್ಲ. ಪಿಕ್ಸ್ಲರ್ ಹಳೆಯ ಗೆಳೆಯ: 2008ರಲ್ಲಿ ಹುಟ್ಟಿದ್ದು, ಬ್ರೌಸರಿನ ಹಳೆಯ ಫ್ಲ್ಯಾಶ್ ತಂತ್ರಜ್ಞಾನದ ಮೇಲೆ ನಿಂತಿದ್ದ ಕಾಲದಿಂದ ನನಗೆ ಪರಿಚಯ. 2020ರ ಕೊನೆಗೆ ಫ್ಲ್ಯಾಶ್ ನಿಂತಿತು, ಅಷ್ಟರೊಳಗೆ ಪಿಕ್ಸ್ಲರ್ ಹೊಸ ರೂಪ ತಳೆದಿತ್ತು. ಬಳಕೆ ಸುಲಭ, ನೋಟ ಅಂದ. ಆದರೆ ಉಚಿತವಾಗಿ ಬಳಸುವವರಿಗೆ ದಿನಕ್ಕೆ ಇಂತಿಷ್ಟೇ ಸಲ ಉಳಿಸಬಹುದೆಂಬ ಮಿತಿ ಇಟ್ಟ ಮೇಲೆ ಅಂಗಡಿಯ ಕೆಲಸಕ್ಕೆ ಒದಗುವುದಿಲ್ಲ. ಮನೆಯಲ್ಲಿ ವಾರಕ್ಕೊಂದು ಚಿತ್ರ ತಿದ್ದುವವರಿಗೆ ಆದೀತು.

ಇನ್ನು ಕನ್ನಡ ಅಕ್ಷರ. ಈ ಪಾಠಕ್ಕೆ ನಾನು ದುಡ್ಡನ್ನೂ ತೆತ್ತಿದ್ದೇನೆ, ನೋವನ್ನೂ ಉಂಡಿದ್ದೇನೆ. ಆರಂಭದ ದಿನಗಳಲ್ಲಿ ಒಂದು ಉಪಕರಣದಲ್ಲಿ, ಹೆಸರು ಬೇಡ, ತೀರಿಕೊಂಡ ಹಿರಿಯರೊಬ್ಬರ ಫ್ಲೆಕ್ಸ್ ಮಾಡಿದೆ. 'ಭಾವಪೂರ್ಣ ಶ್ರದ್ಧಾಂಜಲಿ' ಎಂದು ಟೈಪ್ ಮಾಡಿ, ಗಡಿಬಿಡಿಯಲ್ಲಿ ಸರಿಯಾಗಿ ನೋಡದೆ ಮುದ್ರಣಕ್ಕೆ ಕಳಿಸಿದೆ. ಬಂದ ಫ್ಲೆಕ್ಸಿನಲ್ಲಿ ಅರ್ಕಾವೊತ್ತು ಕಳಚಿಕೊಂಡಿತ್ತು, ಒತ್ತಕ್ಷರಗಳು ಇಳಿಯದೆ ಒಂದರ ಪಕ್ಕ ಒಂದು ನಿಂತಿದ್ದವು. ಆ ಮನೆಯವರು ಒಂದು ಮಾತೂ ಆಡಲಿಲ್ಲ; ಬಿಡಿಸಿದ ಫ್ಲೆಕ್ಸನ್ನು ಸುಮ್ಮನೆ ಸುತ್ತಿ ಕೆಳಗಿಟ್ಟರು. ನನ್ನ ಖರ್ಚಿನಲ್ಲಿ ಮತ್ತೊಂದು ಮುದ್ರಿಸಿ ಸಂಜೆಯೊಳಗೆ ತಲುಪಿಸಿದೆ.

ಕಾರಣ ಆಮೇಲೆ ತಿಳಿಯಿತು. ಕನ್ನಡದಲ್ಲಿ ಒತ್ತು, ಗುಣಿತ ಎಲ್ಲಿ ಕೂರಬೇಕೆಂಬ ನಿಯಮ ಫಾಂಟಿನೊಳಗೇ ಇರುತ್ತದೆ. ಅದನ್ನು ಓದಿ ಅಕ್ಷರ ಜೋಡಿಸುವ ಇನ್ನೊಂದು ತಂತ್ರಾಂಶ ಬೇಕು. ಬ್ರೌಸರಿಗೆ ಆ ಶಕ್ತಿ ಇದೆ, ಅದಕ್ಕೇ ಹುಡುಕು ಪೆಟ್ಟಿಗೆಯಲ್ಲಿ ಕನ್ನಡ ಸರಿಯಾಗಿ ಕಾಣುತ್ತದೆ. ಆದರೆ ಫಾಂಟಿನಿಂದ ಅಕ್ಷರದ ಆಕಾರ ತೆಗೆದು ತಾನೇ ಚಿತ್ರ ಬಿಡಿಸುವ ಎಡಿಟರ್ ಆ ಜೋಡಣೆಯನ್ನೂ ತಾನೇ ಮಾಡಿಕೊಳ್ಳಬೇಕು. ಮಾಡಿಕೊಳ್ಳದಿದ್ದರೆ ಅಕ್ಷರ ಒಡೆಯುತ್ತದೆ. ಹಾಗಾಗಿ ಈಗ ಯಾವ ಎಡಿಟರೇ ಆಗಲಿ, ಮೊದಲು ಟೈಪ್ ಮಾಡುವುದು ಎರಡೇ ಪದ: 'ಸ್ವಾತಂತ್ರ್ಯ' ಮತ್ತು 'ಕೃಷ್ಣಮೂರ್ತಿ'. ಮೂರಕ್ಷರದ ಒತ್ತು, ಋ ಗುಣಿತ, ಅರ್ಕಾವೊತ್ತು ಎಲ್ಲವೂ ಇವೆರಡರಲ್ಲಿ ಸಿಗುತ್ತವೆ. ಫಾಂಟ್ ನೋಟೊ ಕನ್ನಡ, ಬಾಲೂ ತಮ್ಮ, ಗುಬ್ಬಿ, ನವಿಲು ಇಂಥ ಯೂನಿಕೋಡಿನದೇ ಆಗಿರಬೇಕು. ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕನ್ನಡದ ಆಕಾರ ಕೂರಿಸಿದ ನುಡಿ, ಬರಹದ ಹಳೆಯ ಆಸ್ಕಿ ಫಾಂಟಿನಲ್ಲಿ ಟೈಪ್ ಮಾಡಿದ್ದನ್ನು ನಕಲಿಸಿ ತಂದರೆ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳೇ ಬೀಳುತ್ತವೆ. ಆ ಎರಡು ಪದ ಒಡೆದರೆ ಸಮಯ ಹಾಳು ಮಾಡುವುದಿಲ್ಲ. ಇಂಕ್‌ಸ್ಕೇಪಿನಲ್ಲಿ ಕನ್ನಡ ಟೈಪ್ ಮಾಡಿ, ಅಕ್ಷರವನ್ನು ಗೆರೆಯ ಆಕಾರಕ್ಕೆ ಬದಲಿಸಿ, ಎಸ್‌ವಿಜಿ ಕಡತ ಮಾಡಿ ಫೋಟೊಪಿಯಾದಲ್ಲಿ ಲೇಯರಾಗಿ ಇಡುತ್ತೇನೆ. ಇಂಕ್‌ಸ್ಕೇಪ್ ಉಚಿತ, ಬ್ರೌಸರಿನದ್ದಲ್ಲ, ಕಂಪ್ಯೂಟರಿನಲ್ಲಿ ಹಾಕಿಕೊಳ್ಳಬೇಕು.

ಹೊಸದಾಗಿ ಆರಂಭಿಸುವವರಿಗೆ ಇನ್ನೊಂದು ಮಾತು: ಬ್ರೌಸರಿನ ಟ್ಯಾಬನ್ನು ಕಪಾಟು ಎಂದುಕೊಳ್ಳಬೇಡಿ. ಕೆಲಸ ಇರುವುದು ಕಂಪ್ಯೂಟರಿನ ತಾತ್ಕಾಲಿಕ ಸ್ಮೃತಿಯಲ್ಲಿ. ಕರೆಂಟು ಹೋದರೆ ಉಳಿಸದ್ದು ಹೋದಂತೆಯೇ. ಜೆಪೆಗ್ ಒಂದನ್ನೇ ಇಳಿಸಿಕೊಂಡರೂ ಸಾಲದು, ಲೇಯರುಗಳಿರುವ ಪಿಎಸ್‌ಡಿಯನ್ನೂ ಇಳಿಸಿಕೊಳ್ಳಬೇಕು. ನಾಳೆ ಈ ಉಪಕರಣವೇ ಇಲ್ಲವಾದರೂ ಆ ಕಡತವನ್ನು ಜಿಂಪ್, ಕ್ರಿಟಾದಂಥ ಉಚಿತ ತಂತ್ರಾಂಶಗಳು ತೆರೆಯುತ್ತವೆ. ದೊಡ್ಡ ಫ್ಲೆಕ್ಸಿಗೆ ಹತ್ತಿಪ್ಪತ್ತು ಲೇಯರ್ ಆದಾಗ ನನ್ನ 4 ಜಿಬಿ ಕಂಪ್ಯೂಟರ್ ಏದುಸಿರು ಬಿಡುತ್ತದೆ. ಬೇರೆ ಟ್ಯಾಬೆಲ್ಲ ಮುಚ್ಚಿ, ಮುಗಿದ ಲೇಯರುಗಳನ್ನು ಕೂಡಿಸಿ ಮುಂದುವರಿಯುತ್ತೇನೆ.

ಕಳೆದ ವರ್ಷ ಶೃಂಗೇರಿ ರಸ್ತೆಯ ಒಬ್ಬ ರೈತರು ಅಪ್ಪನ ಏಕೈಕ ಫೋಟೊ ತಂದಿದ್ದರು. ಹಳೆಯ ಮದುವೆಯೊಂದರ ಗುಂಪು ಚಿತ್ರ. ಎರಡನೇ ಸಾಲಿನಲ್ಲಿ, ಮತ್ತೊಬ್ಬರ ಹೆಗಲ ಹಿಂದೆ ಅಪ್ಪನ ಮುಖ, ಕೆನ್ನೆಯ ಮೇಲೆ ಗೆದ್ದಲು ತಿಂದ ಕಲೆ. ಸ್ಕ್ಯಾನ್ ಮಾಡಿ, ಇನ್ನೊಂದು ಕೆನ್ನೆಯ ಚರ್ಮವನ್ನು ಕ್ಲೋನ್ ಸ್ಟ್ಯಾಂಪಿನಿಂದ ಎತ್ತಿ ತಂದು ಎರಡು ಸಂಜೆ ಕೂತು ತುಂಬಿದೆ. ಹೆಗಲಿನ ಜಾಗದಲ್ಲಿ ಬಿಳಿ ಅಂಗಿ ಬರೆದೆ. ಈ ಸಲ ವಾರ್ಷಿಕ ಕಾರ್ಯಕ್ಕೆ ಅವರು ಮತ್ತೆ ಬಂದರು. ನಡುಮನೆಯಲ್ಲಿ ತೂಗುಹಾಕಲು ದೊಡ್ಡ ಪ್ರತಿ ಬೇಕಿತ್ತು, ಅಂಗಿಯ ಬದಲು ಅಪ್ಪ ಹೊದೆಯುತ್ತಿದ್ದ ಕಂದು ಶಾಲು ಬೇಕಿತ್ತು. ಪೆನ್‌ಡ್ರೈವಿನಿಂದ ಕಡತ ತೆರೆದೆ. ಮುಖ ಒಂದು ಲೇಯರಿನಲ್ಲಿ, ಅಂಗಿ ಇನ್ನೊಂದರಲ್ಲಿ ಹಾಗೆಯೇ ಇದ್ದವು. ಅಂಗಿಯ ಲೇಯರನ್ನು ಅದರ ಪಕ್ಕದ ಕಣ್ಣಿನ ಗುರುತು ಒತ್ತಿ ಮರೆಮಾಡಿ, ಅವರು ತಂದಿದ್ದ ಶಾಲನ್ನೇ ಮೊಬೈಲಿನಲ್ಲಿ ಫೋಟೊ ತೆಗೆದು ಅದರ ಜಾಗದಲ್ಲಿ ಹೊದಿಸಿದೆ.