ಹಳೇ ಒಣ ಅಣಬೆ: ಕುದಿಸಿದರೆ ಸರಿಹೋಗುತ್ತೆ ಅಂತ ನಂಬಬೇಡಿ

ತಾರೀಖು ಮೀರಿದ ಒಣ ಅಣಬೆ ಮನೆಯಲ್ಲಿದ್ದರೆ, ಅದರಲ್ಲೂ ಒಮ್ಮೆ ಒಡೆದ ಪ್ಯಾಕೆಟ್ ಆಗಿದ್ದರೆ, ದಯವಿಟ್ಟು ಎಸೆದುಬಿಡಿ. ತಂಗಿಯ ಮಗನ ಅವಸ್ಥೆ ನೋಡಿದ ಮೇಲೆ ಇದನ್ನು ಬರೆಯದೆ ಇರಲಾರೆ.

ಅವನು ಬಿಟಿಎಂ ಲೇಔಟ್‌ನಲ್ಲಿ ಸ್ನೇಹಿತರ ಜೊತೆ ರೂಮ್ ಮಾಡಿಕೊಂಡಿದ್ದಾನೆ. ಸೂಪಿಗೆ, ನೂಡಲ್ಸಿಗೆ ಹಾಕುವ ಕಪ್ಪು ಒಣ ಅಣಬೆ, ಅಂಗಡಿಯಲ್ಲಿ ವುಡ್ ಇಯರ್ ಅಂತಾರಲ್ಲ ಅದು, ಹಿಂದೆ ಇದ್ದವರು ಬಿಟ್ಟುಹೋದದ್ದು ಕಪಾಟಿನಲ್ಲಿತ್ತು. ಎಕ್ಸ್‌ಪೈರಿ ಮುಗಿದು ವರ್ಷದ ಮೇಲಾಗಿತ್ತು. ಬಾಯಿಗೆ ಬರೀ ರಬ್ಬರ್ ಬ್ಯಾಂಡ್. ಹುಡುಗರು ರಾತ್ರಿ ನೀರಿಗೆ ಹಾಕಿ ಮಲಗಿದರು, ಮಾರನೇ ದಿನ ಆಫೀಸಿಂದ ಬಂದು ನೂಡಲ್ಸ್ ಮಾಡಿದರು. ನಡುರಾತ್ರಿಯಿಂದ ತಿಂದವರಿಗೆಲ್ಲ ವಾಂತಿ, ಭೇದಿ, ಹೊಟ್ಟೆ ಹಿಂಡುವ ನೋವು. ಬೆಳಿಗ್ಗೆ ನಾನು ಹೋದಾಗ ಅವನಿಗೆ ಎದ್ದು ನಿಲ್ಲಲೂ ಆಗುತ್ತಿರಲಿಲ್ಲ. ಅಡ್ಮಿಟ್ ಮಾಡಿ ಡ್ರಿಪ್ ಹಾಕಿಸಿದೆವು.

"ಚೆನ್ನಾಗಿ ಕುದಿಸಿದ್ವಿ ದೊಡ್ಡಮ್ಮ, ವಾಸನೆನೂ ಇರಲಿಲ್ಲ" ಅಂತಲೇ ಹೇಳುತ್ತಿದ್ದ.

ಫುಡ್ ಪಾಯಿಸನ್ ಅಂದರು ಡಾಕ್ಟರು. ಯಾವ ಕ್ರಿಮಿ ಅಂತ ತಿಳಿಯಲಿಲ್ಲ. ಲಿವರ್ ಟೆಸ್ಟ್ ಕೂಡ ಮಾಡಿಸಿದರು, ಅದು ಸರಿಯಿದೆ ಅಂದಾಗ ತಂಗಿ ಅತ್ತುಬಿಟ್ಟಳು.

ಲಿವರ್ ನೋಡಲು ಕಾರಣವಿದೆ. ಹೊತ್ತುಗಟ್ಟಲೆ ಹೊರಗೆ ನೆನೆಸಿಟ್ಟ ಅಣಬೆಯಲ್ಲಿ ಬುರ್ಖೋಲ್ಡೇರಿಯಾ ಗ್ಲಾಡಿಯೋಲಿ ಎಂಬ ಬ್ಯಾಕ್ಟೀರಿಯಾ ಬೆಳೆದರೆ ಬೊಂಗ್‌ಕ್ರೆಕಿಕ್ ಆಮ್ಲ ಎಂಬ ವಿಷ ಹುಟ್ಟಬಹುದು. ಅದಕ್ಕೆ ವಾಸನೆಯಿಲ್ಲ, ರುಚಿಯಿಲ್ಲ. ಕುದಿಸಿದರೆ ಹೋಗುವುದಿಲ್ಲ. ಲಿವರ್, ಕಿಡ್ನಿ, ಮೆದುಳಿಗೆ ಏಟು ಕೊಡುತ್ತದೆ, ಪ್ರತ್ಯೌಷಧವೂ ಇಲ್ಲ. 2020ರ ಅಕ್ಟೋಬರ್‌ನಲ್ಲಿ ಚೀನಾದ ಹೈಲಾಂಗ್‌ಜಿಯಾಂಗ್ ಪ್ರಾಂತ್ಯದಲ್ಲಿ ಒಂದೇ ಕುಟುಂಬದ 9 ಮಂದಿ ಸತ್ತದ್ದು ಇದೇ ವಿಷದಿಂದ. ಅವರು ತಿಂದದ್ದು ಹುಳಿ ಬರಿಸಿದ ಮೆಕ್ಕೆಜೋಳದ ನೂಡಲ್ಸ್. ನೆನೆಸಿಟ್ಟ ಅಣಬೆಯಿಂದಲೂ ಅಲ್ಲಿ ಇಂಥ ಪ್ರಕರಣಗಳಾಗಿವೆ.

ಒಣಗಿದ್ದು ಕೆಡಲ್ಲ ಅನ್ನುವ ಮಾತು ನಿಜ, ಆದರೆ ಅದು ನಿಜವಾಗಿ ಒಣಗಿಯೇ ಇದ್ದರೆ ಮಾತ್ರ. ಪ್ಯಾಕೆಟ್ ಮೇಲಿನ ತಾರೀಖು ಸೀಲ್ ಒಡೆಯದ ಪ್ಯಾಕೆಟ್ಟಿಗೆ. ನಮ್ಮ ಬೆಂಗಳೂರಿನ ಮಳೆಗಾಲದಲ್ಲಿ ಹಪ್ಪಳವೇ ಮೆತ್ತಗಾಗುತ್ತೆ, ರಬ್ಬರ್ ಬ್ಯಾಂಡ್ ಹಾಕಿದ ಅಣಬೆ ತೇವ ಎಳೆಯದೆ ಇರುತ್ತದೆಯೇ? ತೇವ ಸೇರಿದರೆ ಬೂಷ್ಟು ಬರುತ್ತೆ, ಕೆಲವು ಬೂಷ್ಟಿನ ವಿಷವೂ ಒಲೆಯ ಬಿಸಿಗೆ ಜಗ್ಗುವುದಿಲ್ಲ.

ಹೊಸ ಪ್ಯಾಕೆಟ್ ಆದರೂ ಬೇಕಾದಷ್ಟನ್ನೇ ಕುದಿಯುವ ನೀರಿನಲ್ಲಿ ನೆನೆಸಿ, ಮೆತ್ತಗಾದ ಕೂಡಲೇ ಬೇಯಿಸಿ. ತಡವಾಗುವುದಾದರೆ ಫ್ರಿಡ್ಜಿನಲ್ಲಿಡಿ. ರಾತ್ರಿಯಿಡೀ ಹೊರಗಿಡಬೇಡಿ. ಲೋಳೆ ಬಂದಿದ್ದರೆ ಬಿಸಾಡಿ. ತಿಂದ ಮೇಲೆ ವಾಂತಿ ಶುರುವಾದರೆ ಮನೆಮದ್ದು ಮಾಡುತ್ತ ಕೂರಬೇಡಿ, ಪ್ಯಾಕೆಟ್ ಸಮೇತ ಆಸ್ಪತ್ರೆಗೆ ಹೋಗಿ, ಎಷ್ಟು ಹೊತ್ತು ನೆನೆಸಿದ್ದಿರಿ ಅನ್ನುವುದನ್ನೂ ಡಾಕ್ಟರಿಗೆ ಹೇಳಿ.