ಬೆನ್ನುಹುರಿ ಪೆಟ್ಟಿಗೆ ಮೀಥೈಲ್‌ಪ್ರೆಡ್ನಿಸೊಲೋನ್ ಇಂಜೆಕ್ಷನ್: ಯಾರಿಗೆ, ಎಷ್ಟು, ಎಲ್ಲಿಯವರೆಗೆ

ಸೋಲು-ಮೆಡ್ರಾಲ್ ಎಂಬ ಬ್ರ್ಯಾಂಡ್ ಹೆಸರು ಹೇಳಿದರೆ ಈ ಇಂಜೆಕ್ಷನ್ ಬೇಗ ಗೊತ್ತಾಗುತ್ತದೆ. ಒಳಗಿರುವುದು ಮೀಥೈಲ್‌ಪ್ರೆಡ್ನಿಸೊಲೋನ್ ಸೋಡಿಯಂ ಸಕ್ಸಿನೇಟ್, ಬೇರೆ ಕಂಪನಿಗಳದ್ದೂ ಸಿಗುತ್ತದೆ. ಪೆಟ್ಟು ಬಿದ್ದ ಕ್ಷಣದಲ್ಲೇ ಹರಿದ ನರತಂತುವನ್ನು ಇದು ಜೋಡಿಸುವುದಿಲ್ಲ. ಆಮೇಲಿನ ಗಂಟೆಗಳಲ್ಲಿ ಉರಿಯೂತ, ಬಾವು, ಜೀವಕೋಶದ ಪೊರೆ ಕೆಡುವುದು, ಇವೆಲ್ಲ ಸೇರಿ ಹಾನಿ ಅಕ್ಕಪಕ್ಕಕ್ಕೆ ಹಬ್ಬುತ್ತದಲ್ಲ, ಅದನ್ನು ತಗ್ಗಿಸಲು ಕೊಡುವ ಸ್ಟೀರಾಯ್ಡ್ ಇದು.

ಡೋಸ್ ನಿಂತಿರುವುದು ತೂಕದ ಮೇಲೆ. ಮೊದಲು ಕಿಲೋಗೆ 30 ಮಿ.ಗ್ರಾಂ, 15 ನಿಮಿಷದಲ್ಲಿ. 45 ನಿಮಿಷ ಬಿಡುವು. ನಂತರ ಗಂಟೆಗೆ ಕಿಲೋಗೆ 5.4 ಮಿ.ಗ್ರಾಂನಂತೆ 23 ಗಂಟೆ. 60 ಕಿಲೋ ಇರುವವರಿಗೆ ಮೊದಲ ಡೋಸ್ 1,800 ಮಿ.ಗ್ರಾಂ, ಆಮೇಲೆ ಗಂಟೆಗೆ 324, ಒಟ್ಟು 9,252. ಅಂದರೆ 1 ಗ್ರಾಂನ 10 ವಯಲ್. ಅಲ್ಲಾಡಿಸಬಾರದ ರೋಗಿಯ ತೂಕವನ್ನು ಸಾಮಾನ್ಯವಾಗಿ ಅಂದಾಜಿನಲ್ಲೇ ಬರೆಯುತ್ತಾರೆ. 10 ಕಿಲೋ ಹೆಚ್ಚುಕಮ್ಮಿಯಾದರೆ ಒಂದೂವರೆ ಗ್ರಾಂ ಔಷಧಿಯೇ ಹೆಚ್ಚುಕಮ್ಮಿ. ಮನೆಯವರನ್ನು ಕೇಳಿ ಬರೆದರೆ ಒಳ್ಳೆಯದು.

ಮೊದಲ ಡೋಸನ್ನು ಸಿರಿಂಜಿನಲ್ಲಿ ಒಮ್ಮೆಲೇ ತಳ್ಳಲೇಬಾರದು. ಅರ್ಧ ಗ್ರಾಂಗಿಂತ ಹೆಚ್ಚನ್ನು 10 ನಿಮಿಷದೊಳಗೆ ಕೊಟ್ಟಾಗ ಹೃದಯದ ಬಡಿತ ಏರುಪೇರಾಗಿ ಹೃದಯವೇ ನಿಂತ ಪ್ರಕರಣಗಳಿವೆ. ಇಸಿಜಿ ಮಾನಿಟರ್ ಮತ್ತು ಇನ್‌ಫ್ಯೂಷನ್ ಪಂಪ್ ಇಲ್ಲದ ಕಡೆ ಶುರು ಮಾಡಬೇಡಿ. ಇದೇ ಔಷಧಿಯ ಅಸಿಟೇಟ್ ರೂಪ, ಹಾಲಿನಂತೆ ಬೆಳ್ಳಗಿರುವ ಡೆಪೊ ಇಂಜೆಕ್ಷನ್, ಕೀಲಿಗೆ ಮತ್ತು ಮಾಂಸಖಂಡಕ್ಕೆ ಕೊಡುವಂಥದ್ದು, ರಕ್ತನಾಳಕ್ಕೆ ಹೋಗಕೂಡದು. ಹೆಸರು ಹತ್ತಿರವಿರುವುದರಿಂದ ಲೇಬಲ್ ಎರಡು ಸಲ ಓದಿ.

ಫಲ ಎಷ್ಟು? ಅಮೆರಿಕದಲ್ಲಿ ನಡೆದು 1990ರಲ್ಲಿ ಪ್ರಕಟವಾದ ನ್ಯಾಸಿಸ್-2 ಎಂಬ ಬೆನ್ನುಹುರಿ ಪೆಟ್ಟಿನ ಅಧ್ಯಯನದಲ್ಲಿ 487 ರೋಗಿಗಳಿದ್ದರು. ಎಲ್ಲರನ್ನೂ ಒಟ್ಟಿಗೆ ನೋಡಿದಾಗ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. ಪೆಟ್ಟಾದ 8 ಗಂಟೆಯೊಳಗೆ ಔಷಧಿ ಸಿಕ್ಕವರನ್ನು ಬೇರೆ ಮಾಡಿ ನೋಡಿದಾಗ ಮಾತ್ರ ಸ್ನಾಯುಬಲದಲ್ಲಿ ಒಂದಿಷ್ಟು ಲಾಭ ಕಂಡಿತು. ವಿವಾದವಿರುವುದೂ ಈ ವಿಂಗಡಣೆಯ ಬಗ್ಗೆಯೇ. 1997ರ ನ್ಯಾಸಿಸ್-3ರಲ್ಲಿ 48 ಗಂಟೆ ಪಡೆದವರಿಗೆ ತೀವ್ರ ನ್ಯುಮೋನಿಯಾ, ಸೆಪ್ಸಿಸ್ (ಸೋಂಕಿನಿಂದ ಮೈಯೆಲ್ಲ ಕೆಡುವ ಅಪಾಯದ ಸ್ಥಿತಿ) ಹೆಚ್ಚಾದವು. ಕುತ್ತಿಗೆಯ ಮಟ್ಟದ ಪೆಟ್ಟಿನಲ್ಲಿ ಮೊದಲೇ ಕೆಮ್ಮುವ ಶಕ್ತಿ ಇರುವುದಿಲ್ಲ, ಕಫ ಹೊರಬರುವುದಿಲ್ಲ. ಅದರ ಮೇಲೆ ರೋಗನಿರೋಧಕ ಶಕ್ತಿಯನ್ನೂ ತಗ್ಗಿಸಿದರೆ ಶ್ವಾಸಕೋಶ ತಡೆದುಕೊಳ್ಳುವುದು ಕಷ್ಟ. ಸಕ್ಕರೆ ಏರುವುದು, ಹೊಟ್ಟೆಯಲ್ಲಿ ರಕ್ತಸ್ರಾವ, ಆಪರೇಷನ್ ಗಾಯ ಕೀವಾಗುವುದು ಬೇರೆ.

ಅಮೆರಿಕದ ನರಶಸ್ತ್ರಚಿಕಿತ್ಸಕರ 2013ರ ಮಾರ್ಗಸೂಚಿ ಇದನ್ನು ಬಳಸಬೇಡಿ ಎಂದಿತು. ಬೆನ್ನುಮೂಳೆ ತಜ್ಞರ ಅಂತರರಾಷ್ಟ್ರೀಯ ಸಂಘಟನೆಯಾದ ಎಒ ಸ್ಪೈನ್‌ನ 2017ರ ಮಾರ್ಗಸೂಚಿ 8 ಗಂಟೆಯೊಳಗಾದರೆ 24 ಗಂಟೆಯ ಕೋರ್ಸನ್ನು ಒಂದು ಆಯ್ಕೆಯಾಗಿ ಪರಿಗಣಿಸಬಹುದು ಎಂದಿತು. ನಮ್ಮ ಅಭಿಪ್ರಾಯ ಇದಕ್ಕಿಂತ ಒಂದು ಹೆಜ್ಜೆಯೂ ಮುಂದೆ ಹೋಗುವುದಿಲ್ಲ. 48 ಗಂಟೆಯ ಕೋರ್ಸ್ ಬೇಡ. ಗುಂಡೇಟು, ಚೂರಿ ಇರಿತಕ್ಕೆ ಬೇಡ. ಜೊತೆಗೆ ತಲೆಗೂ ಜೋರು ಪೆಟ್ಟಾಗಿದ್ದರೆ ಖಂಡಿತ ಬೇಡ: ತಲೆಗೆ ಪೆಟ್ಟಾದ 10,008 ಮಂದಿಯ ಕ್ರ್ಯಾಶ್ ಎಂಬ ಅಧ್ಯಯನದಲ್ಲಿ ಈ ಔಷಧಿ ಪಡೆದವರಲ್ಲೇ ಸಾವು ಹೆಚ್ಚಾಗಿತ್ತು. ರಕ್ತದೊತ್ತಡ ಬೀಳದಂತೆ ಕಾಯುವುದು, ಹುರಿಯ ಮೇಲಿನ ಒತ್ತಡವನ್ನು 24 ಗಂಟೆಯೊಳಗೆ ಆಪರೇಷನ್ ಮಾಡಿ ತೆಗೆಯುವುದು ಇದಕ್ಕಿಂತ ಮುಖ್ಯ. ಇಂಜೆಕ್ಷನ್ ನೆಪದಲ್ಲಿ ಅವು ತಡವಾಗಬಾರದು.

ತೆಂಗು, ಅಡಿಕೆ ಮರದಿಂದ ಬಿದ್ದವರು ತಾಲೂಕು ಆಸ್ಪತ್ರೆ ದಾಟಿ ದೊಡ್ಡಾಸ್ಪತ್ರೆಗೆ ಬರುವಷ್ಟರಲ್ಲಿ ಅರ್ಧ ದಿನ ಕಳೆದಿರುತ್ತದೆ. 8 ಗಂಟೆಯ ಲೆಕ್ಕ ಬಿದ್ದ ಹೊತ್ತಿನಿಂದ, ದಾಖಲಾದ ಹೊತ್ತಿನಿಂದಲ್ಲ. ರೆಫರಲ್ ಚೀಟಿಯಲ್ಲಿ ಬಿದ್ದ ಸಮಯ, ತೂಕ, ಈಗಾಗಲೇ ಕೊಟ್ಟ ಸ್ಟೀರಾಯ್ಡ್ ಎಷ್ಟು, ಎಷ್ಟು ಗಂಟೆಗೆ ಕೊಟ್ಟದ್ದು ಎಂದು ಬರೆಸಿಕೊಳ್ಳಿ.